ಜಿಪ್ಸಿ 1.3 ತೆಗೆದು 1.6: ಹವ್ಯಾಸಿ ರ‍್ಯಾಲಿಗೆ ಯಾವ ಬ್ಲಾಕ್, ಯಾವ ಪಿಸ್ಟನ್, ಯಾವ ಕ್ಯಾಮ್?

ಕೆಂಧೂಳು:
ಎಲ್ರಿಗೂ ನಮಸ್ಕಾರ. ಗಾಡಿ ಮಾರುತಿ ಜಿಪ್ಸಿ ಕಿಂಗ್, 16 ವಾಲ್ವ್ ಎಂಪಿಎಫ್‌ಐ (ಸಿಲಿಂಡರಿಗೊಂದು ಇಂಜೆಕ್ಟರ್), ಮೈಸೂರು ನೋಂದಣಿ. ಆಟೋಕ್ರಾಸ್ (ಮುಚ್ಚಿದ ಮಣ್ಣಿನ ಟ್ರ್ಯಾಕಲ್ಲಿ ಸಮಯದ ಓಟ), ಜೊತೆಗೆ ಚಿಕ್ಕಮಗಳೂರು ಕಡೆ ಕಾಫಿ ತೋಟದ ಸ್ಟೇಜುಗಳಿಗೆ (ರ‍್ಯಾಲಿಯಲ್ಲಿ ಗಡಿಯಾರ ಇಟ್ಟು ಓಡಿಸೋ ರಸ್ತೆಯ ತುಂಡು) ಬೇಕು. ಹೇರ್‌ಪಿನ್ ದಾಟಿ ಏರು ಸಿಕ್ಕಿದ್ರೆ ಎರಡನೇ ಗೇರಲ್ಲಿ ಉಸಿರೇ ಇಲ್ಲ, ಒಂದನೇ ಗೇರಿಗೆ ಇಳಿಸಿದ್ರೆ ಚಕ್ರ ಸುಮ್ನೆ ಸುತ್ತುತ್ತೆ. ಮೂರು ದಾರಿ ಕಾಣ್ತಿದೆ:
ಈಗಿರೋ 1.3 ಎಂಜಿನ್ ಜಿ13ಬಿಬಿಯನ್ನೇ ಬೋರ್ ಮಾಡ್ಸಿ (ಸಿಲಿಂಡರ್ ಅಗಲ ಮಾಡ್ಸಿ) ದೊಡ್ಡ ಪಿಸ್ಟನ್ ಹಾಕೋದು. ಹಳೇ ಬಲೆನೊ ಸೆಡಾನಿನ 1.6 ಎಂಜಿನ್ ಜಿ16ಬಿ ಕೂರ್ಸೋದು. ಇಲ್ಲಾಂದ್ರೆ ಎಸ್‌ಎಕ್ಸ್4ನ ಎಂ16ಎ.
ಯಾವುದು, ಯಾಕೆ? ಅದ್ರ ಜೊತೆ ಇನ್ನೇನೇನು ಬದಲಾಯಿಸ್ಬೇಕು? ಜಿಪ್ಸಿ ಮಾರಿ ಬೇರೆ ಗಾಡಿ ತಗೋ ಅನ್ನೋರು ದಯವಿಟ್ಟು ಮುಂದಿನ ಬಸ್ ಹತ್ತಿ.

ಪೇಸ್‌ನೋಟ್:
ಸಾರ್, ಪಾರ್ಟ್ಸ್ ಪಟ್ಟಿಗೆ ಮುಂಚೆ ಯಾವ ಕ್ಲಾಸಲ್ಲಿ ಓಡ್ತೀರಿ ಅಂತ ತೀರ್ಮಾನ ಮಾಡಿ. ದೇಶದ ಮೋಟಾರ್ ಕ್ರೀಡೆ ಒಕ್ಕೂಟ ಎಫ್‌ಎಂಎಸ್‌ಸಿಐನ ನಿಯಮ ಪುಸ್ತಕದ ಜೊತೆ ಆಯಾ ರ‍್ಯಾಲಿಯ ಪೂರಕ ನಿಯಮವನ್ನೂ ಓದಿ. ಎರಡೂ ಆ ವರ್ಷದ್ದೇ ಆಗಿರ್ಬೇಕು, ಹೋದ ವರ್ಷದ ಪಿಡಿಎಫ್ ನಂಬಿ ಕೂರ್ಬೇಡಿ. ಜಿಪ್ಸಿಗಳಿಗೇ ಅಂತ ಇಟ್ಟಿರೋ ಕ್ಲಾಸಲ್ಲಿ ಎಂಜಿನ್ ಬದಲಾಯ್ಸಿದ್ರೆ ಸ್ಕ್ರೂಟಿನಿಯಲ್ಲೇ (ಓಟಕ್ಕೆ ಮುಂಚಿನ ಗಾಡಿ ತಪಾಸಣೆ) ಆಟ ಮುಗೀತು. 1.6 ಹಾಕಿದ ಮೇಲೆ ನಿಮ್ಮ ಪೈಪೋಟಿ ಇನ್ನೊಂದು ಜಿಪ್ಸಿ ಜೊತೆ ಅಲ್ಲ, ಅದೇ ಸಿಸಿಯ ಮುಂಚಕ್ರ ಚಾಲನೆಯ ಹಗುರ ಕಾರುಗಳ ಜೊತೆ. ಅದಕ್ಕೆ ತಯಾರಿದ್ರೆ ಮಾತ್ರ ಮುಂದಕ್ಕೆ ಹೋಗಿ.

ಮದ್ದೂರ್_ವಡೆ:
ಇದೆಲ್ಲಾ ಯಾಕ್ ಬೇಕಣ್ಣ, 1.3ಕ್ಕೇ ಒಂದು ಟರ್ಬೊ ಜಡುದ್ರೆ ಆಯ್ತದೆ ಬುಡಿ.

ಪೇಸ್‌ನೋಟ್:
ವಡೆ ಅಣ್ಣ, ಜಾಗತಿಕ ಮೋಟಾರ್ ಕ್ರೀಡೆ ಸಂಸ್ಥೆ ಎಫ್‌ಐಎ ಲೆಕ್ಕದಲ್ಲಿ ಪೆಟ್ರೋಲ್ ಟರ್ಬೊ ಇದ್ರೆ ಸಿಸಿಯನ್ನ 1.7ರಿಂದ ಗುಣಿಸ್ತಾರೆ. 1298 × 1.7 ಅಂದ್ರೆ 2206. ಎರಡು ಲೀಟರ್ ಮಿತಿನೂ ದಾಟಿಹೋಯ್ತು.

ಮದ್ದೂರ್_ವಡೆ:
ಓಹೋ. ಅಂಗಾರೆ ಬ್ಯಾಡ.

ಬೋರ್‌ಗೇಜ್:
ಲೆಕ್ಕ ಹಾಕೋಣ, ಅರ್ಧ ಗೊಂದಲ ಅಲ್ಲೇ ಕಳೆಯುತ್ತೆ.
ಜಿ13ಬಿಬಿ: ಬೋರ್ (ಸಿಲಿಂಡರ್ ವ್ಯಾಸ) 74, ಸ್ಟ್ರೋಕ್ (ಪಿಸ್ಟನ್ ಓಡೋ ಉದ್ದ) 75.5 ಮಿ.ಮೀ., 1298 ಸಿಸಿ. ಅರ್ಧ ಮಿ.ಮೀ. ಬೋರ್ ಮಾಡ್ಸಿದ್ರೆ 1316. ಪೂರ್ತಿ ಒಂದು ಮಿ.ಮೀ. ಮಾಡ್ಸಿದ್ರೂ 1334. ಅಂದ್ರೆ ಲೈನರ್ ತೆಳ್ಳಗೆ ಮಾಡ್ಕೊಂಡು, ಪಿಸ್ಟನ್ ಸೆಟ್ಟಿಗೆ ದುಡ್ಡು ಸುರಿದು ಸಿಗೋದು 36 ಸಿಸಿ. ಸೀಟಲ್ಲಿ ಕೂತವ್ರಿಗೆ ಗೊತ್ತೇ ಆಗಲ್ಲ.
ಜಿ16ಬಿ: 75 × 90, 1590 ಸಿಸಿ. ಬೋರಲ್ಲಿ ವ್ಯತ್ಯಾಸ ಬರೀ ಒಂದು ಮಿ.ಮೀ., ಮಿಕ್ಕಿದ್ದೆಲ್ಲಾ ಸ್ಟ್ರೋಕಿಂದ ಬಂದಿದ್ದು.
ಎಂ16ಎ: 78 × 83, 1586 ಸಿಸಿ. ಸ್ಟ್ರೋಕ್ ಕಮ್ಮಿ, ಬೋರ್ ದೊಡ್ಡದು, ಬೆಲ್ಟ್ ಬದಲು ಚೈನು.
ಬೋರಿಂಗ್ ಅನ್ನೋದು ಸವೆದ ಬ್ಲಾಕ್ ಉಳಿಸ್ಕೊಳ್ಳೋಕೆ ಇರೋ ಕೆಲಸ. ಸಿಸಿ ಬೇಕಾ, ಸ್ಟ್ರೋಕ್ ಇರೋ ಎಂಜಿನ್ ತನ್ನಿ.

ನಾಲೆಏರಿ:
1.3ರ ಬ್ಲಾಕಿಗೇ 1.6ರ ಕ್ರ್ಯಾಂಕ್ ಹಾಕುದ್ರೆ ಆಗಕ್ಕಿಲ್ವಾ? ಒಳಗೇ ಅಡಗೋಯ್ತದೆ, ಹೊರಗೆ ಯಾರ್ಗೂ ಕಾಣಕಿಲ್ಲ.

ಬೋರ್‌ಗೇಜ್:
ಆಗಲ್ಲ. ಸ್ಟ್ರೋಕ್ 14.5 ಮಿ.ಮೀ. ಜಾಸ್ತಿ ಆಯ್ತು ಅಂದ್ರೆ ಪಿಸ್ಟನ್ 7.25 ಮಿ.ಮೀ. ಮೇಲಕ್ಕೆ ಬರುತ್ತೆ, ಅಷ್ಟೇ ಕೆಳಕ್ಕೂ ಇಳಿಯುತ್ತೆ. ಮೇಲೆ ಹೆಡ್ಡಿಗೆ ಗುದ್ದುತ್ತೆ, ಕೆಳಗೆ ಕ್ರ್ಯಾಂಕಿನ ತೂಕಕ್ಕೆ ತಾಗುತ್ತೆ. 1.6ರ ಬ್ಲಾಕ್ ಎತ್ತರವಾಗಿರೋದೇ ಇದಕ್ಕೆ. ಆಮೇಲೆ "ಯಾರ್ಗೂ ಕಾಣಲ್ಲ" ಅನ್ನೋ ಮಾತು ಬೇಡ. ಅನುಮಾನ ಬಂದ್ರೆ ಹೆಡ್ ಬಿಚ್ಚಿಸಿ ಬೋರ್, ಸ್ಟ್ರೋಕ್ ಎರಡೂ ಅಳೀತಾರೆ.

ಫಾರಂ_ಇಪ್ಪತ್ತು:
ಯಾರೂ ಆರ್‌ಟಿಒ ಮಾತೇ ಎತ್ತಿಲ್ಲವಲ್ಲ! ರ‍್ಯಾಲಿ ಗಾಡಿ ಒಂದು ಸ್ಟೇಜಿಂದ ಇನ್ನೊಂದು ಸ್ಟೇಜಿಗೆ ಹೋಗೋದು ಸಾರ್ವಜನಿಕ ರಸ್ತೆಯಲ್ಲಿ. ಅಲ್ಲಿ ಆರ್‌ಸಿ, ವಿಮೆ ಎರಡೂ ಊರ್ಜಿತವಾಗಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಮಾಡೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬಿಚ್ಚೋ ಮುಂಚೆ ಅರ್ಜಿ ಹಾಕಿ, ಬಿಚ್ಚಿದ ಮೇಲಲ್ಲ. ಗುಜರಿಯಿಂದ ತರೋ ಎಂಜಿನ್ನಿಗೆ ಬಿಲ್ಲು, ದಾನಿ ಗಾಡಿಯ ಆರ್‌ಸಿ ನಕಲು, ನಂಬರ್ ಅಳಿಸದೆ ಇರೋ ಬ್ಲಾಕ್, ಮೂರೂ ಬೇಕು. ಅನುಮತಿ ಸಿಗದಿದ್ರೆ ಗಾಡಿಯನ್ನ ಲಾರಿ ಮೇಲೆ ಸಾಗಿಸಿ ಮುಚ್ಚಿದ ಟ್ರ್ಯಾಕಿನ ಆಟೋಕ್ರಾಸಿಗೆ ಮಾತ್ರ ಇಟ್ಕೋಬೇಕಾಗುತ್ತೆ.

ಕೆಂಧೂಳು:
ಆಟೋಕ್ರಾಸಿಗೆ ಮಾತ್ರ ಆದ್ರೂ ಪರ್ವಾಗಿಲ್ಲ, ಆದ್ರೆ ಅರ್ಜಿ ಮೊದಲು ಹಾಕ್ತೀನಿ. ಈಗ ಎಂಜಿನ್ ವಿಷಯಕ್ಕೆ ಬನ್ನಿ. ಎಂ16ಎ ಹೊಸ ತಲೆಮಾರಿನದು, ಗುಜರಿಯಲ್ಲೂ ಚೆನ್ನಾಗಿರೋದು ಸಿಗುತ್ತೆ. ಅದನ್ನ ಯಾಕೆ ಹಾಕ್ಬಾರ್ದು?

ಇಂಜೆಕ್ಟರ್_ನಾಲ್ಕು:
ಹಾಕ್ಬೋದು, ಒಳ್ಳೇ ಎಂಜಿನ್. ಆದ್ರೆ ಎಸ್‌ಎಕ್ಸ್4ನಲ್ಲಿ ಅದು ಅಡ್ಡಡ್ಡ ಕೂತಿದೆ, ಜಿಪ್ಸಿಯಲ್ಲಿ ಉದ್ದುದ್ದ ಕೂರ್ಬೇಕು. ಬೆಲ್‌ಹೌಸಿಂಗ್ (ಎಂಜಿನ್ ಗೇರ್‌ಬಾಕ್ಸಿಗೆ ಸೇರೋ ಕವಚ), ಮೌಂಟು, ಇಂಟೇಕ್ ಬಾಯಿ ತಿರುಗೋ ದಿಕ್ಕು, ಎಲ್ಲಾ ಹೊಸದಾಗಿ ಮಾಡಿಸ್ಬೇಕು. ವಿವಿಟಿ (ವಾಲ್ವ್ ಟೈಮಿಂಗ್ ತಾನೇ ಬದಲಾಗೋ ವ್ಯವಸ್ಥೆ) ಇರೋ ಎಂ16ಎ ಸಿಕ್ಕಿದ್ರೆ ಅದನ್ನ ಆಳೋ ಇಸಿಯು (ಎಂಜಿನ್ ಕಂಪ್ಯೂಟರ್) ಬೇಕು. ದಾನಿ ಗಾಡಿಯ ಇಸಿಯುನೇ ಇಟ್ಕೊಂಡ್ರೆ ಇಮ್ಮೊಬಿಲೈಸರ್, ಕೀ, ವೈರಿಂಗ್ ಗಂಟು ಪೂರ್ತಿ ತರ್ಬೇಕು. ವೆಲ್ಡರ್, ಲೇತ್, ವೈರಿಂಗ್ ಮೂರೂ ನಿಮ್ಮ ಕೈಯಳತೆಯಲ್ಲಿದ್ರೆ ಎಂ16ಎ. ಇಲ್ಲಾಂದ್ರೆ ಜಿ16ಬಿ. ಜಿ ವಂಶಕ್ಕೆ ಜಿ ವಂಶವೇ ಹತ್ತಿರ.

ಬೋರ್‌ಗೇಜ್:
ಜಿ16ಬಿನೂ ಸುಲಭ ಅಂದ್ಕೋಬೇಡಿ. ಬಲೆನೊದಲ್ಲೂ ಅದು ಅಡ್ಡಡ್ಡವೇ. ಜಿಪ್ಸಿಯಲ್ಲಿ ಹೆಡ್ಡಿನ ಫ್ಲೈವೀಲ್ ಕಡೆಯ ತುದಿ ಫೈರ್‌ವಾಲಿಗೆ ಮುಖ ಮಾಡುತ್ತೆ. ಆ ತುದಿಯಲ್ಲಿ ನೀರಿನ ಹೊರಬಾಯಿ, ಸೆನ್ಸರ್, ಏನೇ ಇದ್ರೂ ತಾಗುತ್ತೆ. ಬ್ಲಾಕ್ ಎತ್ತರ ಅಂದ್ಮೇಲೆ ಬಾನೆಟ್ ಅಂತರ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಚಾಸಿಗೂ ನಡುವಿನ ಜಾಗ ಎರಡನ್ನೂ ಹೊಸದಾಗಿ ಅಳೀಬೇಕು.
ಎಲ್ಲಕ್ಕಿಂತ ತಲೆನೋವು ಸಂಪು, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿ. ಜಿಪ್ಸಿ ಮುಂದಿನ ಆಕ್ಸಲ್ ಗಟ್ಟಿ ಆಕ್ಸಲ್, ಡಿಫರೆನ್ಷಿಯಲ್ ಎಂಜಿನ್ ಕೆಳಗೇ ಮೇಲೆ ಕೆಳಗೆ ಆಡುತ್ತೆ. ಗ್ಯಾರೇಜಲ್ಲಿ ನಿಂತಾಗ ಜಾಗ ಕಾಣುತ್ತೆ, ಗುಂಡಿಗೆ ಬಿದ್ದಾಗ ಸಂಪಿನ ಹೊಟ್ಟೆಗೆ ಗುದ್ದುತ್ತೆ. ಸ್ಪ್ರಿಂಗ್ ಬಿಚ್ಚಿ, ಜ್ಯಾಕ್ ಕೊಟ್ಟು, ಆಕ್ಸಲನ್ನ ಬಂಪ್ ಸ್ಟಾಪಿಗೆ ತಾಗೋ ತನಕ ಎತ್ತಿ ಅಂತರ ನೋಡಿ. ಆ ಸ್ಥಿತಿಯಲ್ಲೂ ಕನಿಷ್ಠ 20 ಮಿ.ಮೀ. ಉಳೀಬೇಕು, ಯಾಕಂದ್ರೆ ರಬ್ಬರ್ ಮೌಂಟ್ ಮೇಲೆ ಎಂಜಿನ್ನೂ ಅಲ್ಲಾಡುತ್ತೆ.
ಸಂಪ್ ಕತ್ತರಿಸಿ ವೆಲ್ಡ್ ಮಾಡಿಸಿದ್ರೆ ಆಯಿಲ್ ಎಳೆಯೋ ಪಿಕಪ್ ಪೈಪನ್ನೂ ಜೊತೆಗೇ ಸರಿ ಮಾಡಿಸ್ಕೊಳ್ಳಿ. ಪಿಕಪ್ ಬಾಯಿಗೂ ಸಂಪಿನ ತಳಕ್ಕೂ 6ರಿಂದ 10 ಮಿ.ಮೀ. ಇರ್ಲಿ. ಅದಕ್ಕಿಂತ ಕಮ್ಮಿಯಾದ್ರೆ ಆಯಿಲ್ ಎಳೆಯೋಕೆ ತಿಣುಕುತ್ತೆ, ಜಾಸ್ತಿಯಾದ್ರೆ ತಿರುವಲ್ಲಿ ಗಾಳಿ ಕುಡಿಯುತ್ತೆ. ಸಂಪ್ ಒಳಗೆ ಆಯಿಲ್ ಹೊಯ್ದಾಟ ತಡೆಯೋ ಬ್ಯಾಫಲ್ ತಗಡು ಇಲ್ದೆ ರ‍್ಯಾಲಿಗೆ ಹೋಗ್ಲೇಬೇಡಿ. ಉದ್ದನೆಯ ಎಡ ತಿರುವಲ್ಲಿ ಆಯಿಲ್ ಒಂದು ಮೂಲೆಗೆ ಸೇರಿ ಎರಡೇ ಕ್ಷಣ ಒತ್ತಡ ಬಿದ್ರೂ ಬಿಗ್‌ಎಂಡ್ (ರಾಡು ಕ್ರ್ಯಾಂಕಿಗೆ ಸೇರೋ ಕಡೆಯ) ಬೇರಿಂಗ್ ಹೋಯ್ತು ಅಂತಾನೇ ಲೆಕ್ಕ.

ನಾಲೆಏರಿ:
ಗುಜರಿ ಬೆಂಗ್ಳೂರ್ ಶಿವಾಜಿನಗರದಾಗೆ ತರಾದಾ, ಮೈಸೂರಾಗೇ ಸಿಕ್ತದಾ?

ಇಂಜೆಕ್ಟರ್_ನಾಲ್ಕು:
ಎಲ್ಲಿ ತಂದ್ರೂ ನೋಡೋ ಕ್ರಮ ಒಂದೇ. ಆಯಿಲ್ ಕ್ಯಾಪ್ ಒಳಗೆ ಹಾಲಿನ ಕೆನೆ ಥರ ಇದ್ರೆ ನೀರು ಬೆರೆತಿದೆ, ಬಿಟ್ಬಿಡಿ. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ನೋಡಿ; ಅಂಕಿ ಎಷ್ಟಿದೆ ಅನ್ನೋದಕ್ಕಿಂತ ನಾಲ್ಕರ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನೋದು ಮುಖ್ಯ, 10 ಶೇಕಡಕ್ಕಿಂತ ಜಾಸ್ತಿ ಇದ್ರೆ ಬೆಲೆ ಇಳಿಸಿ ಕೇಳಿ. ಬ್ಲಾಕ್ ಅಲ್ಯುಮಿನಿಯಂ, ಹೆಡ್ ಬೋಲ್ಟಿನ ತೂತಿನ ಮರೆ (ಥ್ರೆಡ್) ಸವೆದಿದ್ಯಾ ಅಂತ ಟಾರ್ಚ್ ಹಾಕಿ ನೋಡಿ. ಬಲೆನೊ ಇಲ್ಲಿ 1999ರಿಂದ 2007ರ ತನಕ ಬಂದ ಗಾಡಿ, ಹಾಗಾಗಿ ಎಂಜಿನ್ ತಂದ್ಮೇಲೆ ಪೂರ್ತಿ ಬಿಚ್ಚದೆ ಹಾಕೋ ಆಲೋಚನೆ ಬೇಡ.

ಎರಡು_ಸ್ಟ್ರೋಕ್:
ಎಷ್ಟೊಂದು ವಾಲ್ವು, ಬೆಲ್ಟು, ಕ್ಯಾಮು! ಮೈಸೂರಿನ ಯಾದವಗಿರಿಯಿಂದ ಆಚೆ ಬಂದ ಜಾವಾ ಎಂಜಿನ್ನಲ್ಲಿ ಇದ್ಯಾವುದೂ ಇರ್ಲಿಲ್ಲ. 65 × 75, 250 ಸಿಸಿ, ಅಷ್ಟೇ.

ಮದ್ದೂರ್_ವಡೆ:
ಮೈಸೂರ್ನೋರ್ ತಾವ ಎಂಜಿನ್ ಸುದ್ದಿ ಎತ್ತುದ್ರೆ ಮೂರ್ನೇ ಮಾತ್ಗೆ ಜಾವಾ ಬತ್ತದೆ. ಫ್ಯಾಕ್ಟ್ರಿ ಮುಚ್ಚಿ ಎಷ್ಟ್ ಕಾಲ ಆಯ್ತು!

ಎರಡು_ಸ್ಟ್ರೋಕ್:
1996. ಆದ್ರೂ ಹೊಗೆ ವಾಸನೆ ಮರೆತಿಲ್ಲ. ಸರಿ, ಮುಂದುವರಿಸಿ.

ಕೆಂಧೂಳು:
ಜಿ16ಬಿ ಅಂತ ಇಟ್ಕೊಳ್ಳೋಣ. ಫೋರ್ಜ್ಡ್ (ಬಡಿದು ಮಾಡಿದ) ಪಿಸ್ಟನ್, ರಾಡ್ ಬೇಕಾ? 7500 ಆರ್‌ಪಿಎಂ ತನಕ ತಿರುಗಿಸ್ಬೇಕು ಅಂತ ಆಸೆ.

ಬೋರ್‌ಗೇಜ್:
ಆ ಆಸೆ ಮೊದಲು ಕೈಬಿಡಿ. 90 ಮಿ.ಮೀ. ಸ್ಟ್ರೋಕಿಗೆ 7500ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 22.5 ಮೀಟರ್. ನಿಮ್ಮ 1.3 ಅದೇ ಆರ್‌ಪಿಎಂನಲ್ಲಿ 18.9. ಜಿ16ಬಿಯನ್ನ 6500ಕ್ಕೆ ಕಟ್ ಮಾಡಿದ್ರೆ 19.5, ಇದು ಮೂಲ ರಾಡು, ಒಳ್ಳೇ ರಾಡ್ ಬೋಲ್ಟಿನ ಜೊತೆ ತಡ್ಕೊಳ್ಳೋ ಮಟ್ಟ. ರಾಡ್ ಬೋಲ್ಟ್ ಮೇಲೆ ಬೀಳೋ ಎಳೆತ ಆರ್‌ಪಿಎಂನ ವರ್ಗದಂತೆ ಏರುತ್ತೆ: 6500ರಿಂದ 7500ಕ್ಕೆ ಹೋದ್ರೆ 33 ಶೇಕಡ ಜಾಸ್ತಿ. ಉದ್ದ ಸ್ಟ್ರೋಕಿನ ಎಂಜಿನ್ ತಗೊಂಡು ಕಿರುಚಿಸೋದು ಎಮ್ಮೆ ತಂದು ಕುದುರೆ ರೇಸಿಗೆ ಬಿಟ್ಟ ಹಾಗೆ.
ನಿಮಗೆ ಬೇಕಾಗಿರೋದು ಏರಲ್ಲಿ ಎಳೆತ. ಜಿಪ್ಸಿಯ ಮೂಲ ಟಾರ್ಕ್ 103 ಎನ್‌ಎಂ, ಅದೂ 4500ರಲ್ಲಿ. ಬಲೆನೊ 130ರ ಆಸುಪಾಸು, ಅದು ಸಿಗೋದೂ ತುಂಬಾ ಕೆಳಗಿನ ಆರ್‌ಪಿಎಂನಲ್ಲಿ. ಏನೂ ಮಾಡದ 1.6ನಿಂದಲೇ ಎರಡನೇ ಗೇರಿನ ಸಮಸ್ಯೆ ಮುಕ್ಕಾಲು ಭಾಗ ಹೋಗುತ್ತೆ.
6500ರ ಮಿತಿಗೆ ಮೂಲ ಮಾದರಿಯ ಒಳ್ಳೇ ಕಾಸ್ಟ್ (ಎರಕದ) ಪಿಸ್ಟನ್ ಸಾಕು. ಫೋರ್ಜ್ಡ್ ಬೇಕೇ ಬೇಕು ಅಂದ್ರೆ ಬೋರಿನ ಅಂತರ ಪಿಸ್ಟನ್ ಮಾಡಿದವ್ರು ಹೇಳಿದ ಹಾಗೇ ಇಡ್ಸಿ. ಕಾಸ್ಟ್ ಪಿಸ್ಟನ್ನಿನ ಅಂತರಕ್ಕೆ ಫೋರ್ಜ್ಡ್ ಕೂರಿಸಿದ್ರೆ ಬಿಸಿಯಾದಾಗ ಉಬ್ಬಿ ಜಾಮ್ ಆಗುತ್ತೆ. ಮೊದಲು ಪಿಸ್ಟನ್ ಕೈಗೆ ಬರ್ಲಿ, ಮೈಕ್ರೋಮೀಟರಲ್ಲಿ ಒಂದೊಂದನ್ನೂ ಅಳೀರಿ, ಆಮೇಲೆ ಬ್ಲಾಕ್ ಬೋರಿಂಗಿಗೆ ಕೊಡಿ. ಇದನ್ನ ತಿರುಗಾ ಮುರುಗಾ ಮಾಡೋರೇ ಜಾಸ್ತಿ. ಬೋರಿಂಗ್ ಅಂಗಡಿಯಲ್ಲಿ ಟಾರ್ಕ್ ಪ್ಲೇಟ್ (ಹೆಡ್ ಬದಲು ಬಿಗಿಯೋ ದಪ್ಪ ತಟ್ಟೆ) ಇದ್ಯಾ ಕೇಳಿ. ಅಲ್ಯುಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟ್ ಬಿಗಿದಾಗ ಬೋರಿನ ಆಕಾರ ಸ್ವಲ್ಪ ಬದಲಾಗುತ್ತೆ.
ಮೇಲಿನ ರಿಂಗಿನ ಗ್ಯಾಪ್ 75 ಮಿ.ಮೀ. ಬೋರಿಗೆ 0.30ರ ಸುತ್ತಮುತ್ತ. ರಿಂಗನ್ನ ಬೋರೊಳಗೆ ಪಿಸ್ಟನ್ನಿಂದಲೇ ಚೌಕವಾಗಿ ತಳ್ಳಿ ಫೀಲರ್ ಗೇಜಲ್ಲಿ ನೋಡಿ. ಬೇರಿಂಗ್ ಅಂತರಕ್ಕೆ ಪ್ಲಾಸ್ಟಿಗೇಜ್ (ಒತ್ತಿ ಅಗಲ ನೋಡೋ ಪ್ಲಾಸ್ಟಿಕ್ ಎಳೆ). ಜರ್ನಲ್ ವ್ಯಾಸದ ಸಾವಿರಕ್ಕೊಂದು ಪಾಲು ಅನ್ನೋದು ಸಾಮಾನ್ಯ ಅಳತೆ.

ಸೀಗೆಪುಡಿ:
ಕಂಪ್ರೆಷನ್ ಅನುಪಾತ 11ಕ್ಕೆ ಏರಿಸಿ ಅಂತಾರೆ. ಹೆಡ್ ಉಜ್ಜಿಸಿದ್ರೆ ಆಗಲ್ವಾ?

ಬೋರ್‌ಗೇಜ್:
ಎಷ್ಟು ಉಜ್ಜಬೇಕು ಅಂತ ಲೆಕ್ಕ ಮಾಡಿದ್ರೆ ಉತ್ಸಾಹ ಇಳಿಯುತ್ತೆ. ಒಂದು ಸಿಲಿಂಡರ್ 397.6 ಸಿಸಿ. ಮೂಲ ಅನುಪಾತ 9.5 ಅಂತಿಟ್ಕೊಂಡ್ರೆ ಮೇಲೆ ಉಳಿಯೋ ಜಾಗ 46.8 ಸಿಸಿ. 10.5 ಬೇಕು ಅಂದ್ರೆ ಅದು 41.9ಕ್ಕೆ ಇಳೀಬೇಕು, ಹತ್ರ ಹತ್ರ 5 ಸಿಸಿ ತೆಗೀಬೇಕು. ಬ್ಲಾಕಿನ ಮುಖ 0.1 ಮಿ.ಮೀ. ಉಜ್ಜಿದ್ರೆ ಹೋಗೋದು 0.44 ಸಿಸಿ. ಪೂರ್ತಿ ಉಜ್ಜಿಯೇ ಸಾಧಿಸ್ತೀನಿ ಅಂದ್ರೆ 1.1 ಮಿ.ಮೀ. ಹೋಗುತ್ತೆ, ಅಷ್ಟು ಬೇಡ.
ಬ್ಲಾಕ್ 0.5 ಮಿ.ಮೀ. ಉಜ್ಜಿ, ಗ್ಯಾಸ್ಕೆಟ್ 0.3 ಮಿ.ಮೀ. ತೆಳುವಾದ ಎಂಎಲ್‌ಎಸ್ (ಪದರ ಪದರ ಉಕ್ಕಿನದು) ಹಾಕಿದ್ರೆ 3.5 ಸಿಸಿ ಕಮ್ಮಿಯಾಗಿ 10.2 ಬರುತ್ತೆ. ಅಲ್ಲಿಗೆ ನಿಲ್ಲಿಸಿ. ಎಂಎಲ್‌ಎಸ್ ಹಾಕೋದಾದ್ರೆ ಎರಡೂ ಮುಖ ನುಣುಪಾಗಿ ಮಿಲ್ಲಿಂಗ್ ಆಗಿರ್ಬೇಕು, ಕೈಯಲ್ಲಿ ಸ್ಯಾಂಡ್‌ಪೇಪರ್ ಎಳೆದ ಮೇಲ್ಮೈ ಮೇಲೆ ಅದು ನಿಲ್ಲಲ್ಲ.
ಇನ್ನೊಂದು: ಹೆಡ್ ಕೆಳಗಿಳಿದ್ರೆ ಬೆಲ್ಟ್ ದೂರ ಕಮ್ಮಿಯಾಗಿ ಕ್ಯಾಮ್ (ವಾಲ್ವ್ ತೆರೆಸೋ ಶಾಫ್ಟು) ಟೈಮಿಂಗ್ ಹಿಂದಕ್ಕೆ ಜಾರುತ್ತೆ. ಸರಿಹೊಂದಿಸೋ ಕ್ಯಾಮ್ ಪುಲ್ಲಿ ಇಲ್ದಿದ್ರೆ ಉಜ್ಜಿಸಿ ಗಳಿಸಿದ್ದನ್ನ ಅಲ್ಲೇ ಕಳ್ಕೋತೀರಿ. ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಜೇಡಿಮಣ್ಣಿನಲ್ಲಿ ನೋಡಿ. ಪಿಸ್ಟನ್ ತಲೆ ಮೇಲೆ ಮೆತ್ತಿ, ಹಳೇ ಗ್ಯಾಸ್ಕೆಟ್ ಹಾಕಿ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ ಕತ್ತರಿಸಿ ಅಳೆಯೋದು. ಆಮೇಲೆ ಹಳೇ ಗ್ಯಾಸ್ಕೆಟ್ಟಿಗೂ ಹೊಸದಕ್ಕೂ ಇರೋ ದಪ್ಪದ ವ್ಯತ್ಯಾಸ ಕಳೀರಿ. ಇನ್‌ಲೆಟ್ ಕಡೆ 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇದ್ರೆ ನೆಮ್ಮದಿ.

ಸೀಗೆಪುಡಿ:
ಜೇಡಿಮಣ್ಣು ಒಣಗಿ ಉದುರುತ್ತೆ ಸಾರ್. ಮಕ್ಕಳು ಆಡೋ ಪ್ಲಾಸ್ಟಿಸಿನ್ ಹಾಕಿ, ಅದ್ರ ಮೇಲೆ ಒಂದು ತೊಟ್ಟು ಆಯಿಲ್ ಸವರಿ. ವಾಲ್ವಿಗೆ ಅಂಟಲ್ಲ.

ಬೋರ್‌ಗೇಜ್:
ಒಪ್ಪಿದೆ, ಅದೇ ವಾಸಿ.

ಇಂಜೆಕ್ಟರ್_ನಾಲ್ಕು:
ಇಸಿಯು ವಿಷಯಕ್ಕೆ ಬರ್ತೀನಿ. ಜಿಪ್ಸಿಯ ಮೂಲ ಇಸಿಯು ಹಾಗೇ ಇಟ್ಕೊಂಡು 1.6 ಓಡಿಸ್ಬೋದು ಅನ್ನೋ ಮಾತು ಸುತ್ತಾಡ್ತಿದೆ. ಸ್ಟಾರ್ಟ್ ಆಗುತ್ತೆ, ಊರೊಳಗೆ ಓಡುತ್ತೆ ಕೂಡ. ಮ್ಯಾಪ್ ಸೆನ್ಸರ್ ಅಳೆಯೋದು ಇಂಟೇಕ್ ಒತ್ತಡವನ್ನ, ಸಿಲಿಂಡರ್ ಗಾತ್ರವನ್ನಲ್ಲ. ಇಸಿಯು ಲೆಕ್ಕದಲ್ಲಿ ಒಂದು ಸಿಲಿಂಡರ್ ಇನ್ನೂ 325 ಸಿಸಿನೇ, ನಿಜವಾಗಿ ಇರೋದು 398. ಅರ್ಧ ಥ್ರಾಟಲಲ್ಲಿ ಆಕ್ಸಿಜನ್ ಸೆನ್ಸರ್ ಸುಧಾರಿಸ್ಕೊಂಡು ಹೋಗುತ್ತೆ. ಪೂರ್ತಿ ಒತ್ತಿದಾಗ ಅದ್ರ ಮಾತು ಕೇಳಲ್ಲ, ಪೆಟ್ರೋಲ್ ಕಮ್ಮಿ ಬಿದ್ದು ಪಿಸ್ಟನ್ ಸುಡುತ್ತೆ. ಅದೂ ಚೆನ್ನಾಗಿ ಎಳೀತಿದೆ ಅನ್ನಿಸೋ ಹೊತ್ತಲ್ಲೇ.
ಜೊತೆಗೆ ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿಯಾದ್ರೆ ಇದಕ್ಕೆ 13.5ರ ಸುಮಾರು, ಅಂದ್ರೆ 8-9 ಶೇಕಡ ಇಂಧನ ಜಾಸ್ತಿ. 120 ಬಿಎಚ್‌ಪಿ ಗುರಿ ಇಟ್ಟು, ಇಂಜೆಕ್ಟರ್ 80 ಶೇಕಡಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಅಂತ ಲೆಕ್ಕ ಹಾಕಿದ್ರೆ ಒಂದೊಂದಕ್ಕೆ ನಿಮಿಷಕ್ಕೆ 220-240 ಸಿಸಿ ಬೇಕು. ಹಳೇ ಫ್ಯೂಯಲ್ ಹೋಸು, ಓ-ರಿಂಗು ಎಥನಾಲಿಗೆ ಮೆತ್ತಗಾಗ್ತವೆ, ವಿಟಾನ್ ರಬ್ಬರಿನದು ಹಾಕಿ.
ಟ್ಯೂನಿಂಗಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕಡ್ಡಾಯ. ಪೂರ್ತಿ ಥ್ರಾಟಲಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನ ಅಳತೆ, 1 ಅಂದ್ರೆ ಸರಿಸಮ) 0.86-0.88. ಮೈಸೂರು ಸಮುದ್ರ ಮಟ್ಟಕ್ಕಿಂತ 770 ಮೀಟರ್ ಮೇಲಿದೆ, ಗಾಳಿ 8 ಶೇಕಡದಷ್ಟು ತೆಳು. ಚೆನ್ನೈಯಲ್ಲಿ ಡೈನೋ ಮಾಡಿಸಿದ ಅಂಕಿ ಇಲ್ಲಿ ಬರಲ್ಲ, ಅದಕ್ಕೆ ಟ್ಯೂನರನ್ನ ಬೈಬೇಡಿ.

ಪೇಸ್‌ನೋಟ್:
ಕ್ಯಾಮ್ ಬಗ್ಗೆ ಒಂದೇ ಮಾತು. ಲೀಫ್ ಸ್ಪ್ರಿಂಗಿನ ಜಿಪ್ಸಿಯಲ್ಲಿ, ಜಲ್ಲಿ ರಸ್ತೆಯಲ್ಲಿ, 3000ಕ್ಕಿಂತ ಕೆಳಗೆ ಸತ್ತಂತಿರೋ ಕ್ಯಾಮ್ ಹಾಕಿದ್ರೆ ಹೇರ್‌ಪಿನ್ನಲ್ಲಿ ಪ್ರತಿ ಸಲ ಕ್ಲಚ್ ಒದೀಬೇಕಾಗುತ್ತೆ. 260 ಡಿಗ್ರಿ ಆಸುಪಾಸು ವಾಲ್ವ್ ತೆರೆದಿಡೋ ಮೃದುವಾದ ಕ್ಯಾಮ್ ಸಾಕು. ಇಲ್ಲಾಂದ್ರೆ ಮೂಲದ್ದೇ ಇರ್ಲಿ.

ಇಂಜೆಕ್ಟರ್_ನಾಲ್ಕು:
ಇದಕ್ಕೆ ನಾನು ಒಪ್ಪಲ್ಲ. 270 ಡಿಗ್ರಿ ಹಾಕಿ, ಒಳ್ಳೇ 4-2-1 ಹೆಡರ್ (ನಾಲ್ಕು ಎಕ್ಸಾಸ್ಟ್ ಪೈಪು ಎರಡಾಗಿ, ಆಮೇಲೆ ಒಂದಾಗೋದು) ಕೊಟ್ಟು, ಇಗ್ನಿಷನ್ ಸರಿ ಮಾಡಿದ್ರೆ 1.6 ಕೆಳಗೂ ಎಳೆಯುತ್ತೆ. ಸಿಸಿ ಜಾಸ್ತಿಯಾದಷ್ಟೂ ಅದೇ ಕ್ಯಾಮ್ ಸಾಧು ಆಗುತ್ತೆ. 1.3ಕ್ಕೆ ಒರಟು ಅನ್ನಿಸಿದ್ದು 1.6ಕ್ಕೆ ಹಾಗನ್ನಿಸಲ್ಲ.

ಪೇಸ್‌ನೋಟ್:
ಡೈನೋದಲ್ಲಿ ಸಾರ್. ಸ್ಟೇಜಲ್ಲಿ ಒದ್ದೆ ಎಲೆ, ಕೆಸರು ಇರುತ್ತೆ. ಅಲ್ಲಿ ಬೇಕಾಗಿರೋದು ಕಾಲಿನ ಮಾತು ಕೇಳೋ ಎಂಜಿನ್.

ನಾಲೆಏರಿ:
ನೀವಿಬ್ರೂ ಕ್ಯಾಮ್ ಜಗ್ಳ ಆಡ್ತಾ ಇರಿ. ನಮ್ ಕಡೆ ಕಬ್ಬಿನ ಗಾಡಿ ಓಡಾಡೋ ಮಣ್ ರಸ್ತೆ ಧೂಳ್ ನೋಡಿದ್ದೀರಾ? ಹಿಟ್ನಂಗ್ ಇರ್ತದೆ. ಏರ್ ಫಿಲ್ಟರ್ ಸರ್ಯಾಗ್ ಕೂರ್ನಿಲ್ಲ ಅಂದ್ರೆ ಹೊಸಾ ರಿಂಗು ಒಂದೇ ಇವೆಂಟ್‌ಗೆ ಸವ್ದೋಯ್ತವೆ. ಫಿಲ್ಟರಿಂದ ಥ್ರಾಟಲ್ ಗಂಟ ಒಂದೊಂದ್ ಕ್ಲಾಂಪೂ ನೋಡ್ಕಳಿ. ಪೈಪ್ ಒಳಿಕ್ಕೆ ಬೆಳ್ಳಾಗ್ ಬಟ್ಟೆ ಹಾಕಿ ಒರ್ಸಿ, ಧೂಳ್ ಅಂಟ್ತು ಅಂದ್ರೆ ಎಲ್ಲೋ ತೂತ್ ಅದೆ ಅಂತ. ಫೋಮ್ ಫಿಲ್ಟರ್ ಆದ್ರೆ ಎಣ್ಣೆ ಹಾಕಿ ಚೆನ್ನಾಗ್ ಹಿಂಡಿ, ಇನ್ನೊಂದ್ ರೆಡಿ ಮಾಡಿ ಡಬ್ಬಿನಾಗ್ ಮಡಿಕ್ಕಳಿ, ಸರ್ವೀಸ್ ಟೈಮ್ನಾಗ್ ಬದ್ಲಾಯ್ಸಿ.

ಬೋರ್‌ಗೇಜ್:
ನಾಲೆಏರಿ ಅವರ ಮಾತು ಈ ಚರ್ಚೆಯಲ್ಲೇ ತುಂಬಾ ಬೆಲೆಯದ್ದು. ಜೊತೆಗೆ ಟೈಮಿಂಗ್ ಬೆಲ್ಟಿನ ಕವರ್. ಗ್ಯಾರೇಜುಗಳಲ್ಲಿ ಕೆಳಗಿನ ಕವರ್ ಹಾಕದೇ ಬಿಡೋ ಚಾಳಿ ಇದೆ. ಒಂದು ಜಲ್ಲಿಕಲ್ಲು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿದ್ರೆ ಹಲ್ಲು ಹಾರುತ್ತೆ. ಕವರ್, ಅದ್ರ ರಬ್ಬರ್ ಅಂಚು ಎರಡೂ ಇರ್ಲಿ.

ಕೆಂಧೂಳು:
ಕ್ಲಚ್, ರೇಡಿಯೇಟರ್ ಬಗ್ಗೆ ಯಾರಾದ್ರೂ ಹೇಳಿ. ದುಡ್ಡು ಎಲ್ಲಿ ಉಳಿಸ್ಬೋದು?

ಸೀಗೆಪುಡಿ:
ಟಾರ್ಕ್ ಕಾಲು ಪಾಲು ಜಾಸ್ತಿಯಾಗುತ್ತೆ, ಹಾಗಾಗಿ 1.3ರ ಸವೆದ ಕ್ಲಚ್ ಜಾರುತ್ತೆ. ಪ್ರೆಷರ್ ಪ್ಲೇಟ್ ಗಟ್ಟಿ ಇರೋದು ಹಾಕಿ, ಪ್ಲೇಟ್ ಆರ್ಗ್ಯಾನಿಕ್ಕೇ ಇರ್ಲಿ. ಸಿಂಟರ್ಡ್ ಗುಂಡಿ (ಲೋಹದ ಬಿಲ್ಲೆಗಳ) ಪ್ಲೇಟ್ ಹಾಕಿದ್ರೆ ಕ್ಲಚ್ ಜಾರಲ್ಲ, ಆದ್ರೆ ಆ ಏಟು ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿಗೆ ಹೋಗುತ್ತೆ. ಫ್ಲೈವೀಲ್ ತೀರಾ ಹಗುರ ಮಾಡಿಸ್ಬೇಡಿ. ರೇಡಿಯೇಟರ್ ಒಂದು ಸಾಲು ಜಾಸ್ತಿ ಇರೋದು, ಫ್ಯಾನಿಗೆ ಸರಿಯಾದ ಶ್ರೌಡು. ಸಂಪ್ ಗಾರ್ಡ್ ಹಾಕಿದ್ಮೇಲೆ ಎಂಜಿನ್ ಕೆಳಗಿನ ಗಾಳಿ ನಿಲ್ಲುತ್ತೆ, ಗಾರ್ಡಿಗೆ ಹಿಂದಕ್ಕೆ ತೆರೆದ ಸೀಳು ಬಿಡಿಸಿ. ಎಂಜಿನ್ ಉಸಿರು ಪೈಪಿಂದ ಬರೋ ಆಯಿಲ್ ಹಿಡಿಯೋ ಕ್ಯಾಚ್ ಟ್ಯಾಂಕ್ ಮರೀಬೇಡಿ.
ಉಳಿಸೋದಾದ್ರೆ ಫೋರ್ಜ್ಡ್ ಪಿಸ್ಟನ್ನಲ್ಲಿ, ಹೊಳೆಯೋ ವಾಲ್ವ್ ಕವರಲ್ಲಿ ಉಳಿಸಿ. ಆಯಿಲ್ ಪ್ರೆಷರ್ ಗೇಜು, ಹೆಡ್ ಬೋಲ್ಟು, ನೀರಿನ ಪಂಪು, ಬೆಲ್ಟು, ಟೆನ್ಷನರ್ ಹೊಸದೇ ಆಗ್ಬೇಕು. ರೋಲ್ ಕೇಜು, ಸೀಟ್ ಬೆಲ್ಟು, ಹೆಲ್ಮೆಟ್ಟಿನ ದುಡ್ಡು ಎಂಜಿನ್ ಲೆಕ್ಕಕ್ಕೆ ಜಾರಿಸ್ಬೇಡಿ ಮತ್ತೆ.

ಮದ್ದೂರ್_ವಡೆ:
ಬಿರೇಕ್ ಸುದ್ದಿ ಯಾರೂ ಎತ್ನಿಲ್ವಲ್ಲ. ಓಗದ್ ಒಂದೇನಾ, ನಿಲ್ಬ್ಯಾಡ್ವಾ?

ಪೇಸ್‌ನೋಟ್:
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಅಣ್ಣ, ಇಲ್ಲಿಗಿಂತ ಜಗಳ ಜೋರಾಗಿರುತ್ತೆ.

ಕೆಂಧೂಳು:
ಕೊನೇದಾಗಿ, ಕಟ್ಟಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡೋ ಕ್ರಮ? ಎರಡು ದಿನ ಐಡಲಲ್ಲಿ ಬಿಡಿ ಅಂತ ಒಬ್ರು ಹೇಳಿದ್ರು.

ಬೋರ್‌ಗೇಜ್:
ಹಾಗೆ ಮಾಡ್ಲೇಬೇಡಿ. ಐಡಲಲ್ಲಿ ರಿಂಗಿನ ಹಿಂದೆ ಒತ್ತಡವೇ ಇರಲ್ಲ, ಬೋರ್ ಕನ್ನಡಿ ಥರ ಹೊಳಪಾಗಿ ಆಮೇಲೆ ರಿಂಗ್ ಕೂರೋದೇ ಇಲ್ಲ, ಜೀವಮಾನ ಪೂರ್ತಿ ಆಯಿಲ್ ಕುಡಿಯುತ್ತೆ. ಪ್ಲಗ್ ಬಿಚ್ಚಿ, ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಗೇಜಲ್ಲಿ ಆಯಿಲ್ ಒತ್ತಡ ಕಾಣೋ ತನಕ ಸ್ಟಾರ್ಟರ್ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ, ನೀರು ಬಿಸಿಯಾಗ್ತಿದ್ದ ಹಾಗೆ ರಸ್ತೆಗೆ ಇಳಿಸಿ. ಮೂರನೇ ಗೇರಲ್ಲಿ ಅರ್ಧದಿಂದ ಮುಕ್ಕಾಲು ಥ್ರಾಟಲ್ ಕೊಟ್ಟು ಎಳೆಸೋದು, ಕಾಲು ಬಿಟ್ಟು ಗಾಡಿಯನ್ನ ಎಂಜಿನ್ ಬ್ರೇಕಲ್ಲೇ ಇಳಿಸೋದು, ಮತ್ತೆ ಎಳೆಸೋದು. 4500 ದಾಟಬೇಡಿ. ಮಿನರಲ್ ಆಯಿಲ್ ಹಾಕಿ, ಆ ಮೊದಲ ಓಟ ಮುಗೀತಿದ್ದ ಹಾಗೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ, 500 ಕಿ.ಮೀ.ಗೆ ಇನ್ನೊಂದು ಸಲ.
ಬಿಚ್ಚಿದ ಫಿಲ್ಟರನ್ನ ಕತ್ತರಿಸಿ ಕಾಗದ ಬಿಡಿಸಿ ನೋಡಿ. ಆಯಸ್ಕಾಂತಕ್ಕೆ ಅಂಟೋ ನುಣ್ಣನೆ ಪುಡಿ ಇದ್ರೆ ರಿಂಗಿನದ್ದು, ಮೊದಲ ಸಲ ಸ್ವಲ್ಪ ಬರುತ್ತೆ. ಅಂಟದೇ ಇರೋ ಹೊಳೆಯೋ ಚಕ್ಕೆ ಇದ್ರೆ ಬೇರಿಂಗ್ ಲೋಹ ಇರ್ಬೋದು. ಆಗ ಮುಂದಕ್ಕೆ ಓಡಿಸ್ಬೇಡಿ, ಸಂಪ್ ಇಳಿಸಿ ಬಿಗ್‌ಎಂಡ್ ಕ್ಯಾಪ್ ಬಿಚ್ಚಿ ನೋಡಿ.